ರೊಟ್ಟಿ ಅಕ್ಕ ಬಾರದ ಭಾನುವಾರ

ನಾನು ಹುಟ್ಟಿ ಬೆಳೆದದ್ದು ಮಾಗಡಿ ಕಡೆ. ಮುದ್ದೆ ತಿರುವುವ ವಿಷಯದಲ್ಲಿ ನನಗೆ ಯಾರ ಅಂಜಿಕೆಯೂ ಇಲ್ಲ. ಆದರೆ ಹಾವೇರಿ ಕಡೆಯವರ ಮನೆಗೆ ಸೊಸೆಯಾಗಿ ಬಂದು, ಮಕ್ಕಳು ಓದು ಮುಗಿಸಿ ಕೆಲಸಕ್ಕೆ ಸೇರುವಷ್ಟು ಕಾಲವಾದರೂ ಜೋಳದ ರೊಟ್ಟಿ ಬಡಿಯುವುದು ಮಾತ್ರ ನನ್ನ ಕೈಗೆ ಹತ್ತಲಿಲ್ಲ. ನಾನು ಬಡಿದ ರೊಟ್ಟಿ ಒಂದು ಅಂಚಿನಲ್ಲಿ ದಪ್ಪ, ಇನ್ನೊಂದು ಅಂಚಿನಲ್ಲಿ ತೂತು. ಹೆಂಚಿಗೆ ಹೋಗುವಷ್ಟರಲ್ಲಿ ಎರಡು ಹೋಳು. ಅತ್ತೆ ಅದನ್ನು ನೋಡಿ ಒಂದು ದಿನವೂ ಮುಖ ಸಿಂಡರಿಸಿದವರಲ್ಲ. “ಹೆಂಗಿದ್ರೂ ಮುರಕೊಂಡ ತಿನ್ನೂದಲ್ಲೇನವಾ, ತಾ ಇಲ್ಲೆ” ಎಂದು ತಟ್ಟೆ ಮುಂದೆ ಮಾಡುತ್ತಿದ್ದರು. ಆದರೆ ಎರಡನೆಯದು ಕೇಳುತ್ತಿರಲಿಲ್ಲ. ಅಷ್ಟರಲ್ಲೇ ನನಗೆ ಅರ್ಥವಾಗುತ್ತಿತ್ತು.

ಹೀಗಾಗಿ ಬಸವೇಶ್ವರನಗರದ ನಮ್ಮ ಮನೆಗೆ ರೊಟ್ಟಿ ಅಕ್ಕ ಬಂದಳು. ಬಾಗಲಕೋಟೆ ಕಡೆಯವಳು. ಗಂಡ ಗಾರೆ ಕೆಲಸದ ಮೇಸ್ತ್ರಿ, ಒಬ್ಬಳೇ ಮಗಳು. ಮನೆ ಉಲ್ಲಾಳದಲ್ಲಿ. ಬೆಳಿಗ್ಗೆ ಅಲ್ಲಿಂದ ಬಸ್ಸು ಹಿಡಿದು ಬಂದು, ನಮ್ಮ ಬೀದಿ ಮತ್ತು ಹಿಂದಿನ ಬೀದಿಯ ಕೆಲವು ಮನೆಗಳಲ್ಲಿ ರೊಟ್ಟಿ ಬಡಿದು, ಮಧ್ಯಾಹ್ನಕ್ಕೆ ವಾಪಸ್ಸಾಗುತ್ತಿದ್ದಳು. ಅವಳಿಗೊಂದು ಹೆಸರಿತ್ತು, ಆದರೆ ಬೀದಿಯಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವಳು ರೊಟ್ಟಿ ಅಕ್ಕನೇ.

ಮೊದಲ ಮನೆ ನಮ್ಮದು. ಅವಳು ಬಂದು ಹಿಟ್ಟು ನಾದಲು ಕೂತರೆ ಅತ್ತೆ ತಮ್ಮ ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಎಳೆಸಿಕೊಂಡು ಕೂರುತ್ತಿದ್ದರು. ನನ್ನ ಜೊತೆ ಅವರು ನಿಧಾನವಾಗಿ, ಸ್ವಲ್ಪ ಯೋಚಿಸಿ ಮಾತಾಡುತ್ತಿದ್ದರು. ಅವಳ ಜೊತೆ ಮಾತು ಹಳ್ಳ ಹರಿದ ಹಾಗೆ. ಯಾರ ಮನೆಯಲ್ಲಿ ಯಾರು ಹಡೆದರು, ಯಾವ ಹಬ್ಬಕ್ಕೆ ಏನು ಮಾಡಬೇಕು, ಬೆಂಗಳೂರಿನ ಜೋಳಕ್ಕೆ ಯಾಕೆ ಜಿಗುಟಿಲ್ಲ, ಇಂಥವೇ. ಅವರಿಬ್ಬರ ನಗು ಕೇಳುತ್ತಾ ನಾನು ಸ್ಕೂಲಿಗೆ ಹೊರಡುತ್ತಿದ್ದೆ. ವಿಜಯನಗರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು.

ಆ ಭಾನುವಾರ ನನ್ನ ಗಂಡನ ದಾವಣಗೆರೆ ಹಾಸ್ಟೆಲ್ಲಿನ ಗೆಳೆಯರು ಊಟಕ್ಕೆ ಬರುವವರಿದ್ದರು. ಎಲ್ಲರೂ ತಲೆ ನರೆತವರು, ಆದರೆ ಒಟ್ಟಿಗೆ ಸೇರಿದರೆ ಹುಡುಗರ ಥರ ಕೂಗಾಡುವವರು. “ಬಿಸಿ ರೊಟ್ಟಿ, ಎಣ್ಣೆಗಾಯಿ” ಎಂದು ನನ್ನ ಗಂಡ ವಾರದಿಂದ ಫೋನಿನಲ್ಲಿ ಅವರಿಗೆ ಆಸೆ ಹುಟ್ಟಿಸಿದ್ದರು. ನಾನು ಬೇಗ ಎದ್ದು ಬದನೆಕಾಯಿಗೆ ಮಸಾಲೆ ತುಂಬಿ ಒಲೆಗಿಟ್ಟೆ, ಶೇಂಗಾ ಚಟ್ನಿ ಕುಟ್ಟಿದೆ, ಮೊಸರು ಕಡೆದೆ. ಎಲ್ಲ ಆಯಿತು. ರೊಟ್ಟಿ ಅಕ್ಕ ಬರಲಿಲ್ಲ.

ಬಸ್ಸು ತಡವಾಗಿರಬೇಕು ಅಂದುಕೊಂಡೆ. ಆಮೇಲೆ ಫೋನ್ ಮಾಡಿದೆ. ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಹೇಳದೆ ಕೇಳದೆ ತಪ್ಪಿಸಿಕೊಳ್ಳುವವಳು ಅವಳಲ್ಲ. ಮೈಯಲ್ಲಿ ಹುಷಾರಿಲ್ಲದಿದ್ದರೂ ಹಿಂದಿನ ಸಂಜೆಯೇ ಅತ್ತೆಯ ಫೋನಿಗೆ ಕರೆ ಮಾಡಿ ತಿಳಿಸುತ್ತಿದ್ದಳು. ಅತ್ತೆಗೇನಾದರೂ ಹೇಳಿದ್ದಾಳಾ ಎಂದು ಕೇಳಲು ಅವರ ಕೋಣೆಗೆ ಹೋದೆ.

ಅತ್ತೆಯೂ ಇರಲಿಲ್ಲ.

“ಗುಡಿಗೆ ಹೋಗ್ತೀನಿ ಅಂದಿದ್ಲಲ್ಲ ಅವ್ವ” ಎಂದರು ನನ್ನ ಗಂಡ, ಪೇಪರಿನಿಂದ ತಲೆ ಎತ್ತದೆ.

“ಯಾವಾಗ?”

“ನೀನು ಸ್ನಾನಕ್ಕೆ ಹೋದಾಗ.”

ಗುಡಿ ಇರುವುದು ಮುಂದಿನ ತಿರುವಿನಲ್ಲಿ. ಅತ್ತೆಗೆ ಮಂಡಿನೋವು, ಕೋಲು ಹಿಡಿದೇ ನಡೆಯಬೇಕು. ಆದರೂ ಇಷ್ಟು ಹೊತ್ತಿಗೆ ಹೋಗಿ ಬಂದು ಎರಡನೇ ಸಲ ಕಾಫಿ ಕೇಳಬೇಕಾಗಿತ್ತು. ಅವರ ಫೋನಿಗೆ ಕರೆ ಮಾಡಿದರೆ ಅದು ದಿಂಬಿನ ಕೆಳಗಿಂದಲೇ ಹಾಡತೊಡಗಿತು. ಬೀರುವಿನ ಬಾಗಿಲು ಅರೆ ತೆರೆದಿತ್ತು. ನೋಡಿದರೆ ಅವರು ಮದುವೆ ಮುಂಜಿಗೆ ಮಾತ್ರ ತೆಗೆಯುವ ಹಸಿರು ಇಳಕಲ್ ಸೀರೆ ಜಾಗದಲ್ಲಿಲ್ಲ. ಗುಡಿಗೆ ಯಾರು ಆ ಸೀರೆ ಉಟ್ಟು ಹೋಗುತ್ತಾರೆ?

ನಾನು ಚಪ್ಪಲಿ ಮೆಟ್ಟಿ ಗೇಟಿನ ಹೊರಗೆ ಓಡಿದೆ. ನಮ್ಮ ಮನೆ ಎದುರಿನ ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿಯವರು ಕೆಂಡ ಊದುತ್ತಿದ್ದರು.

“ಅಣ್ಣಾ, ನಮ್ಮ ಅತ್ತೆನ ನೋಡಿದ್ರಾ?”

“ಅಜ್ಜಿನಾ? ಆಟೋ ಹತ್ತಿದ್ರಲ್ಲ ಆಂಟಿ. ಜರೀ ಸೀರೆ ಉಟ್ಕೊಂಡು, ತಲೆಗೆ ಹೂ ಬೇರೆ. ರೊಟ್ಟಿ ಅಕ್ಕನ ಯಜಮಾನ್ರು ಬಂದಿದ್ರು ಆಟೋ ತಗೊಂಡು. ನಿಮಗೆ ಗೊತ್ತಿಲ್ವಾ?”

ನನಗೆ ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಗಿ, “ಹ್ಞಾ, ಹ್ಞಾ, ಮರೆತಿದ್ದೆ” ಎಂದು ತಿರುಗಿ ಬಂದೆ. ಮನಸ್ಸಿನಲ್ಲಿ ಏನೇನೋ ಓಡುತ್ತಿತ್ತು. ರೊಟ್ಟಿ ಅಕ್ಕನಿಗೇನಾದರೂ ಆಯಿತೇ? ಆಗಿದ್ದರೆ ಅತ್ತೆ ತಲೆಗೆ ಹೂ ಯಾಕೆ ಮುಡಿಯುತ್ತಾರೆ? ಒಳಗೆ ಬಂದು ಗಂಡನಿಗೆ ಹೇಳಿದರೆ ಅವರು ಪೇಪರು ಮಡಚಿ, ಬಹಳ ಗಂಭೀರವಾಗಿ, “ಹಂಗಾದ್ರೆ ರೊಟ್ಟಿ ಗತಿ?” ಎಂದರು.

“ನಿಮ್ಮ ಅಮ್ಮ ಕಾಣ್ತಿಲ್ಲ ರೀ!”

“ಅವ್ವ ಎಲ್ಲಿಗೂ ಕಳೆದುಹೋಗೋ ಪೈಕಿ ಅಲ್ಲ ಕಣೇ. ಉಲ್ಲಾಳದಲ್ಲಿ ಇರ್ತಾಳೆ. ನೀನು ಹೋಗಿ ನೋಡ್ಕೊಂಡು ಬಾ. ನಾನು ಖಾನಾವಳಿಯಿಂದ ರೊಟ್ಟಿ ತರಿಸ್ತೀನಿ.”

ಅವರ ಧೈರ್ಯ ನೋಡಿ ಸಿಟ್ಟು ಬಂದರೂ ಸ್ವಲ್ಪ ಸಮಾಧಾನವೂ ಆಯಿತು. ರೊಟ್ಟಿ ಅಕ್ಕನ ಮನೆ ನನಗೆ ಗೊತ್ತಿತ್ತು. ಹಿಂದೊಮ್ಮೆ ಜೋರು ಮಳೆಯಲ್ಲಿ ಬಸ್ಸು ಸಿಗದೆ ನಿಂತಿದ್ದವಳನ್ನು ನಾನೇ ಸ್ಕೂಟರಿನಲ್ಲಿ ಬಿಟ್ಟು ಬಂದಿದ್ದೆ. ಸ್ಕೂಟರ್ ತೆಗೆದು ನಾಗರಬಾವಿ ದಾಟಿ, ಯೂನಿವರ್ಸಿಟಿ ಕಾಡಿನ ಪಕ್ಕದ ರಸ್ತೆ ಹಿಡಿದೆ. ದಾರಿಯುದ್ದಕ್ಕೂ ಅತ್ತೆಗೆ ಏನು ಹೇಳಬೇಕು ಅಂತ ಮಾತು ಜೋಡಿಸಿಕೊಳ್ಳುತ್ತಾ ಹೋದೆ. “ಈ ವಯಸ್ಸಲ್ಲಿ ಹೀಗೆ ಹೇಳದೆ ಹೋಗಬಹುದಾ?” ಎಂದು ಶುರು ಮಾಡುವುದೆಂದು ತೀರ್ಮಾನವಾಗಿತ್ತು.

ಉಲ್ಲಾಳದಲ್ಲಿ ಅವಳದು ಒಂದೇ ಸಾಲಿನಲ್ಲಿ ಕಟ್ಟಿದ ವಠಾರದ ಮನೆ, ಮೊದಲ ಮಹಡಿ. ಕಡಿದಾದ ಮೆಟ್ಟಿಲು, ಹಿಡಿಯಲು ಕಂಬಿ ಇಲ್ಲ. ಮೆಟ್ಟಿಲ ಬುಡದಲ್ಲಿ ಅತ್ತೆಯ ಕೋಲು ಗೋಡೆಗೆ ಒರಗಿ ನಿಂತಿತ್ತು. ಕೋಲು ಕೆಳಗೆ, ಅತ್ತೆ ಮೇಲೆ. ನಮ್ಮ ಮನೆಯ ಎರಡು ಮೆಟ್ಟಿಲು ಹತ್ತಲು ನನ್ನ ಭುಜ ಹಿಡಿಯುವ ಅತ್ತೆ ಇಲ್ಲಿ ಹೇಗೆ ಹತ್ತಿದರು?

“ಕುರ್ಚಿ ಮೇಲೆ ಕೂರಿಸ್ಕೊಂಡು ಎತ್ಕೊಂಡು ಹೋದ್ರು ಕಣಮ್ಮ” ಎಂದಳು ಕೆಳಗಿನ ಮನೆಯ ಹೆಂಗಸು, ನನ್ನ ಮುಖ ನೋಡಿಯೇ ಪ್ರಶ್ನೆ ಊಹಿಸಿ. “ನೀವೂ ಹುಡುಗಿ ಕಡೆಯವರಾ? ಬೇಗ ಹೋಗಿ, ಗಂಡಿನವರು ಆಗ್ಲೇ ಬಂದವ್ರೆ.”

ಆಗ ನನಗೆ ಎಲ್ಲ ಹೊಳೆಯಿತು. ಜೋಡಿಸಿಕೊಂಡಿದ್ದ ಮಾತೆಲ್ಲ ಮೆಟ್ಟಿಲ ಮೇಲೆಯೇ ಉದುರಿಹೋಯಿತು.

ಬಾಗಿಲಲ್ಲಿ ಚಪ್ಪಲಿ ಬೂಟುಗಳ ರಾಶಿ. ಒಳಗೆ ಇಣುಕಿದೆ. ಪುಟ್ಟದೊಂದು ಹಾಲ್. ಒಂದು ಗೋಡೆಗೆ ಗಂಡಿನ ಕಡೆಯವರು ಸಾಲಾಗಿ ಕೂತಿದ್ದರು: ಗಡ್ಡ ಬಿಟ್ಟ, ಹೊಸ ಶರ್ಟಿನ ಹುಡುಗ, ಪಕ್ಕದಲ್ಲಿ ಅವನ ತಾಯಿ, ಆಚೆ ತಲೆಗೂದಲಿಗೆ ಕಪ್ಪು ಬಣ್ಣ ಹಚ್ಚಿದ ಅವನ ಸೋದರಮಾವ. ಅವರ ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಹಸಿರು ಇಳಕಲ್ ಸೀರೆಯಲ್ಲಿ, ಸಭೆಯ ಅಧ್ಯಕ್ಷರ ಹಾಗೆ ನಮ್ಮ ಅತ್ತೆ. ಅವರ ಹಿಂದೆ ಗೋಡೆಗೆ ಅಂಟಿಕೊಂಡು ರೊಟ್ಟಿ ಅಕ್ಕನ ಗಂಡ ನಿಂತಿದ್ದ. ಅಪರಿಚಿತರ ಮುಂದೆ “ಹೌದ್ರಿ”, “ಇಲ್ರಿ” ಬಿಟ್ಟರೆ ಮೂರನೆಯ ಮಾತು ಆಡದ ಮನುಷ್ಯ.

ಅತ್ತೆ ನನ್ನನ್ನು ನೋಡಿದರು. ಒಂದು ಕ್ಷಣ ಅವರ ಕಣ್ಣು ಅತ್ತಿತ್ತ ಓಡಿತು. ಆಮೇಲೆ ದನಿ ಏರಿಸಿ, “ಬಂದ್ಲು ನೋಡ್ರಿ ನನ್ನ ಸೊಸಿ. ಹೈಸ್ಕೂಲ್ ಟೀಚರ್ ಅದಾಳ. ಬಾರವಾ, ಯಾಕ ಇಷ್ಟ ತಡಾ ಆತು?” ಎಂದರು.

ಗಂಡಿನ ಕಡೆಯವರೆಲ್ಲ ನನಗೆ ನಮಸ್ಕಾರ ಮಾಡಿದರು. ನಾನೂ ಮಾಡಿದೆ. ಬೇರೇನು ಮಾಡಲಿ?

ರೊಟ್ಟಿ ಅಕ್ಕ ಅಡುಗೆಮನೆಯಿಂದ ಓಡಿ ಬಂದು ನನ್ನ ಕೈ ಹಿಡಿದಳು. “ಬಂದ್ರಿ ಅಕ್ಕಾರ! ಅಮ್ಮಾರು ಹೇಳಿದ್ರು, ನೀವು ಕೆಲಸಾ ಮುಗಿಸಿ ಹಿಂದಿಂದ ಬರ್ತೀರಿ ಅಂತ. ಆದ್ರೂ ನನಗ ನಂಬಿಕಿ ಇರಲಿಲ್ಲ, ಮನ್ಯಾಗ ಮಂದಿ ಬರ್ತಾರಂತಲ್ಲ ಇವತ್ತ.”

ವಿಷಯ ಇಷ್ಟು. ಹಿಂದಿನ ಸಂಜೆ ಗಂಡಿನ ಕಡೆಯವರು ಏಕಾಏಕಿ ಫೋನ್ ಮಾಡಿ ಬೆಳಿಗ್ಗೆಯೇ ಹುಡುಗಿ ನೋಡಲು ಬರುತ್ತೇವೆ ಎಂದಿದ್ದರು. ಬಾಗಲಕೋಟೆಯಿಂದ ಹಿರಿಯರನ್ನು ಕರೆಸಲು ಸಮಯವಿಲ್ಲ. ಗಂಡ ಮಾತಾಡುವವನಲ್ಲ. ರೊಟ್ಟಿ ಅಕ್ಕ ರಜೆ ಕೇಳಲು ಅತ್ತೆಗೆ ಫೋನ್ ಮಾಡಿ ಅತ್ತುಬಿಟ್ಟಿದ್ದಳು. ಅತ್ತೆ ಅಲ್ಲೇ ರಜೆ ಕೊಟ್ಟು, “ನಾ ಬರ್ತೀನಿ ತಗೋ, ಹುಡುಗಿ ಅಜ್ಜಿ ನಾನ. ಸೊಸೀಗೆ ನಾ ಹೇಳ್ತೀನಿ” ಎಂದಿದ್ದರು. ಹೇಳುವ ಕೆಲಸ ಮಾತ್ರ ಉಳಿದುಹೋಗಿತ್ತು.

ನಾನು ಅತ್ತೆಯ ಕಡೆ ನೋಡಿದೆ. ಅವರು ಬಹಳ ಆಸಕ್ತಿಯಿಂದ ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದರು.

ಹಾಲಿನಲ್ಲಿ ರೊಟ್ಟಿ ಅಕ್ಕ ಕೂರಲೇಬೇಕಿತ್ತು. ಗಂಡಿನ ತಾಯಿ ಅವಳನ್ನು ಏನೇನೋ ಕೇಳುತ್ತಿದ್ದರು. ಶಿರಾ, ಉಪ್ಪಿಟ್ಟು ಆಗಲೇ ಕೊಟ್ಟಾಗಿತ್ತು, ಇನ್ನು ಟೀ ಆಗಬೇಕು. “ನೀವು ಕೂತ್ಕೊಳಿ, ನಾನು ಮಾಡ್ತೀನಿ” ಎಂದು ನಾನು ಒಳಗೆ ನುಗ್ಗಿದೆ. ನಿಜ ಹೇಳಬೇಕೆಂದರೆ ಆ ಹಾಲಿನಲ್ಲಿ ಕೂತು ನಗುವ ಮುಖ ಇಟ್ಟುಕೊಳ್ಳುವುದಕ್ಕಿಂತ ಒಲೆಯ ಮುಂದೆ ನಿಲ್ಲುವುದೇ ಸುಲಭವೆನಿಸಿತು.

ಅಡುಗೆಮನೆಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ತಿರುಗಬೇಕಾದರೆ ಯೋಚಿಸಬೇಕು. ಮೂಲೆಯಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಮಗಳು ಕೂತಿದ್ದಳು. ನೇರಳೆ ರೇಷ್ಮೆ ಸೀರೆ, ಎರಡು ಮೊಳ ಮಲ್ಲಿಗೆ. ಯಾವುದನ್ನೂ ಮುಟ್ಟಬಾರದು, ಸೀರೆಗೆ ಕಲೆಯಾಗುತ್ತದೆ ಎಂದು ಅವಳ ಅಮ್ಮನ ಆಜ್ಞೆ. ಟೀ ಆದಮೇಲೆ ಟ್ರೇ ಹಿಡಿದು ಹಾಲಿಗೆ ಹೋಗುವುದಷ್ಟೇ ಅವಳ ಕೆಲಸ, ಅಲ್ಲಿಯವರೆಗೆ ಕಾಣಿಸಿಕೊಳ್ಳುವ ಹಾಗಿಲ್ಲ. ಬೆಂಗಳೂರಿನಲ್ಲೇ ಬೆಳೆದ ಹುಡುಗಿ, ಅವಳ ಕನ್ನಡದಲ್ಲಿ ಬಾಗಲಕೋಟೆ ಇಲ್ಲ. ನಾಯಂಡಹಳ್ಳಿ ಮೆಟ್ರೋ ಸ್ಟೇಷನ್ನಿನಲ್ಲಿ ಸೆಕ್ಯುರಿಟಿ ಕೆಲಸ.

“ಸಾರಿ ಆಂಟಿ, ಟೀಚರ್ ಕೈಲಿ ಟೀ ಮಾಡಿಸ್ತಾ ಇದೀವಿ” ಎಂದಳು.

“ಸುಮ್ನಿರು. ಟೀ ಪುಡಿ ಎಲ್ಲಿದೆ ಹೇಳು.”

ಹಾಲಿಗೂ ಅಡುಗೆಮನೆಗೂ ನಡುವೆ ಒಂದು ತೆಳು ಪರದೆ. ಮಾತು ಎಲ್ಲ ಕೇಳಿಸುತ್ತಿತ್ತು. ಸೋದರಮಾವ ಗಂಟಲು ಸರಿಮಾಡಿಕೊಂಡರು.

“ಅಲ್ಲ ಅಜ್ಜಿ, ಹುಡುಗಿ ರಾತ್ರಿ ಶಿಫ್ಟೂ ಮಾಡ್ತಾಳಂತಲ್ಲ?”

“ಮಾಡ್ತಾಳ್ರಿ” ಎಂದರು ಅತ್ತೆ. “ನಿಮ್ಮ ಮನಿ ಹೆಣ್ಮಕ್ಕಳು ಹೊತ್ತಾಗಿ ಮೆಟ್ರೋ ಇಳದ್ರ, ಅಲ್ಲೆ ಒಬ್ಬಾಕಿ ಹೆಣ್ಮಗಳು ಡ್ರೆಸ್ ಹಾಕ್ಕೊಂಡು ನಿಂತಿದ್ರ, ನಿಮಗ ಧೈರ್ಯ ಅಲ್ಲೇನು?”

“ಅದು ಸರಿ. ಆದ್ರೆ ನಮ್ಮ ಮನೆ ಸೊಸೆನೇ ಯಾಕೆ ನಿಂತ್ಕೋಬೇಕು?”

“ಮತ್ತ ಯಾರ ಮನಿ ಸೊಸಿ ನಿಂದರಬೇಕ್ರಿ?”

ಬಕೆಟ್ಟಿನ ಮೇಲಿದ್ದವಳು ಸೆರಗು ಬಾಯಿಗಿಟ್ಟುಕೊಂಡು ನಗು ತಡೆಯುತ್ತಿದ್ದಳು. ಸೋದರಮಾವ ದಾರಿ ಬದಲಿಸಿದರು.

“ನೀವು ಹುಡುಗಿಗೆ ಸ್ವಂತ ಅಜ್ಜಿನಾ?”

“ಅಜ್ಜಿಯೊಳಗ ಬಾಡಿಗಿ ಅಜ್ಜಿ ಅಂತ ಬ್ಯಾರೆ ಇರ್ತಾರೇನ್ರಿ?”

ನಾನು ಸಕ್ಕರೆ ಹಾಕಿದೆನೋ ಇಲ್ಲವೋ ಎಂಬುದೇ ಮರೆತುಹೋಗಿ, ಚಮಚೆಯಲ್ಲಿ ತೆಗೆದು ರುಚಿ ನೋಡುತ್ತಿದ್ದೆ. ಆಗ ಪರದೆ ಸರಿಯಿತು. ಗಂಡು! ಶಿರಾದ ತುಪ್ಪ ಹತ್ತಿದ ಕೈಯನ್ನು ಮೈಗೆ ತಾಗದಂತೆ ಎತ್ತಿ ಹಿಡಿದುಕೊಂಡು, “ಆಂಟಿ, ಕೈ ತೊಳ್ಕೋಬೇಕಿತ್ತು” ಎಂದ. ಆ ಮನೆಯಲ್ಲಿ ಇದ್ದ ಒಂದೇ ನಲ್ಲಿ ಅಡುಗೆಮನೆಯ ತೊಟ್ಟಿಯದು. ನಾನು ಒಲೆಗೆ ಅಂಟಿ ನಿಂತು ದಾರಿ ಬಿಟ್ಟೆ. ಅವನು ತಲೆ ತಗ್ಗಿಸಿಕೊಂಡು ಕೈ ತೊಳೆದ. ಮೂಲೆಯಲ್ಲಿ ಯಾರೋ ಕೂತಿದ್ದಾರೆ ಎಂದು ಗೊತ್ತಿದ್ದೂ ನೋಡದೆ ಹೊರಡುವುದರಲ್ಲಿದ್ದ.

ಆದರೆ ಅವಳು ನೋಡಿದ್ದಳು.

“ರೀ, ಒಂದ್ನಿಮಿಷ. ನೀವು ಸ್ಪ್ಯಾನರ್ ಅಲ್ವಾ?”

ಅವನು ತಿರುಗಿದ. ಹೂ, ಸೀರೆ, ಕಾಡಿಗೆ ಎಲ್ಲವನ್ನೂ ದಾಟಿ ಆ ಮುಖ ಗುರುತು ಹಿಡಿಯಲು ಅವನಿಗೆ ಸ್ವಲ್ಪ ಸಮಯ ಬೇಕಾಯಿತು. ಆಮೇಲೆ ಕಣ್ಣು ಅಗಲವಾಯಿತು. “ಅಯ್ಯೋ, ನೀವಾ!”

“ನಾನೇ. ಬ್ಯಾಗ್ ತುಂಬ ಸ್ಪ್ಯಾನರ್, ಸ್ಕ್ರೂಡ್ರೈವರ್ ಇಟ್ಕೊಂಡು ಸ್ಕ್ಯಾನಿಂಗ್‌ಗೆ ಬಂದಿದ್ರಿ. ಬಿಡಲ್ಲ ಅಂದಿದ್ದಕ್ಕೆ ಎಷ್ಟು ವಾದ ಮಾಡಿದ್ರಿ!”

“ವಾದ ಏನಿಲ್ಲ ಮೇಡಂ. ಗಾಡಿ ಕೆಟ್ಟು ನಿಂತಿತ್ತು ಕೆಂಗೇರಿಲಿ, ಅರ್ಜೆಂಟಿತ್ತು, ಅದಕ್ಕೆ ಕೇಳ್ಕೊಂಡೆ. ಕೊನೆಗೆ ಬಸ್ಸಲ್ಲಿ ಹೋದೆ.”

“ಕೇಳ್ಕೊಂಡ್ರಾ? ‘ಇದ್ರಲ್ಲಿ ರೈಲು ಬಿಚ್ಚಕ್ಕಾಗುತ್ತಾ’ ಅಂದ್ರಿ!”

“ಆಗಲ್ಲ ಅಲ್ವಾ ಮತ್ತೆ?”

ಅವನಿಗೆ ನಾಯಂಡಹಳ್ಳಿಯಲ್ಲಿ ಗಾಡಿ ರಿಪೇರಿಯ ಸ್ವಂತ ವರ್ಕ್‌ಶಾಪು. ಕಳಿಸಿದ್ದ ಫೋಟೋದಲ್ಲಿ ಗಡ್ಡವಿರಲಿಲ್ಲವಂತೆ, ಅದಕ್ಕೇ ಅವಳಿಗೆ ತಿಳಿದಿರಲಿಲ್ಲ. ಅವಳ ಫೋಟೋದಲ್ಲಿ ಯೂನಿಫಾರ್ಮ್ ಇರಲಿಲ್ಲ, ಅದಕ್ಕೇ ಅವನಿಗೂ. ಇಬ್ಬರೂ ಈಗ ನಗುತ್ತಿದ್ದರು, ಆದರೆ ಹಾಲಿಗೆ ಕೇಳಿಸದ ಹಾಗೆ. ನಾನು ಬೆನ್ನು ತಿರುಗಿಸಿ ಟೀ ಪಾತ್ರೆಯನ್ನೇ ದಿಟ್ಟಿಸುತ್ತಾ ನಿಂತೆ. ಹೊರಗೆ ಹೋಗೋಣವೆಂದರೆ ಅವನು ಬಾಗಿಲಿಗೆ ಅಡ್ಡ ನಿಂತಿದ್ದ. ಹೋಗಲು ನನಗೂ ಮನಸ್ಸಿರಲಿಲ್ಲ.

ಅವಳು ನಗು ನಿಲ್ಲಿಸಿದಳು. “ನೋಡಿ, ಕೆಲಸ ಬಿಡಲ್ಲ ನಾನು. ಮೊದಲೇ ಹೇಳ್ಬಿಡ್ತೀನಿ.”

“ಬಿಡಿ ಅಂತ ಯಾರು ಅಂದ್ರು?”

“ನಿಮ್ಮ ಮಾವ ಅಲ್ಲಿ ಅದನ್ನೇ ತಾನೇ ಹೇಳ್ತಿರೋದು?”

“ಮಾವ ಏನಾದ್ರೂ ಒಂದು ಹೇಳ್ಬೇಕಲ್ಲ, ಹೇಳ್ತಾರೆ. ನಮ್ಮನೇಲಿ ಟಿವಿ ರಿಮೋಟ್ ಕೂಡ ಅಮ್ಮನ ಕೈಲೇ ಇರೋದು.” ಸ್ವಲ್ಪ ತಡೆದು, “ಲೇಟ್ ಶಿಫ್ಟ್ ಇದ್ದಾಗ ಮನೆಗೆ ಹೆಂಗೆ ಬರ್ತೀರಾ?” ಎಂದ.

“ಅಪ್ಪ ಬಂದು ಕಾಯ್ತಾರೆ.”

“ನಾನು ವರ್ಕ್‌ಶಾಪ್ ಬೀಗ ಹಾಕೋದೂ ಆ ಹೊತ್ತಿಗೇನೇ. ಸ್ಟೇಷನ್ ಪಕ್ಕಾನೇ.”

ಅವಳು ಮಲ್ಲಿಗೆಯ ಒಂದು ಎಸಳು ಕಿತ್ತು ಬೆರಳಲ್ಲಿ ಉಜ್ಜುತ್ತಿದ್ದಳು. ಅಷ್ಟರಲ್ಲಿ ನನ್ನ ಟೀ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅವನು ಚಟಕ್ಕನೆ ಕೈ ಚಾಚಿ ಗ್ಯಾಸ್ ಆರಿಸಿದ. ಅವಳು ಸೀರೆಯ ಆಜ್ಞೆ ಮರೆತು ಬಟ್ಟೆ ತಂದು ಒರೆಸಿದಳು. ನಡುವೆ ನಾನೊಬ್ಬಳು ಚಮಚೆ ಹಿಡಿದು ನಿಂತಿದ್ದೆ.

ಹಾಲಿನಲ್ಲಿ ದನಿ ಏರಿತ್ತು. “ನೋಡಿ ಅಜ್ಜಿ, ನೀವು ಒಂದಕ್ಕೊಂದು ಹೇಳ್ತೀರ. ನಾವು ಯೋಚನೆ ಮಾಡಿ ತಿಳಿಸ್ತೀವಿ” ಎನ್ನುತ್ತಿದ್ದರು ಸೋದರಮಾವ. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಯಾರೋ ಎದ್ದು ನಿಂತ ಸದ್ದಾಯಿತು. ರೊಟ್ಟಿ ಅಕ್ಕ “ಚಾ ಕುಡದು ಹೋಗ್ರಿ, ಹಂಗ ಹೋಗಬ್ಯಾಡ್ರಿ” ಎಂದು ಬೇಡಿಕೊಳ್ಳುತ್ತಿದ್ದಳು.

ನಾನು ಗಾಬರಿಯಿಂದ ಉಳಿದ ಟೀಯನ್ನು ಲೋಟಗಳಿಗೆ ಬಗ್ಗಿಸಿದೆ. ಹುಡುಗಿ ಎದ್ದು ಟ್ರೇಗೆ ಕೈ ಹಾಕಿದಳು. ಅವನು ಮೊದಲೇ ಎತ್ತಿಕೊಂಡಿದ್ದ.

“ಕೊಡ್ರಿ, ಅದು ನಾನು ತರ್ಬೇಕು. ಪದ್ಧತಿ.”

“ಚೆಲ್ಲಿದ್ರೆ ಸೀರೆ ಹಾಳಾಗುತ್ತೆ. ನೀವು ಬಿಸ್ಕೆಟ್ ತಗೊಳಿ.”

ಪರದೆ ಸರಿಸಿದವಳು ನಾನು. ಮುಂದೆ ಟ್ರೇ ಹಿಡಿದ ಗಂಡು, ಅವನ ಹಿಂದೆ ಬಿಸ್ಕೆಟ್ ತಟ್ಟೆ ಹಿಡಿದ ಹೆಣ್ಣು. ಹಾಲಿನಲ್ಲಿದ್ದವರೆಲ್ಲ ಬಾಯಿ ತೆರೆದು ನೋಡಿದರು. ಎದ್ದು ನಿಂತಿದ್ದ ಸೋದರಮಾವನ ಮುಂದೆ ಅವನು ನೇರವಾಗಿ ಹೋಗಿ, “ಮಾವ, ಕೂತ್ಕೊಳಿ, ಟೀ ಆರೋಗುತ್ತೆ” ಎಂದ.

“ಏನೋ ಇದು?”

“ಟೀ. ನಿಧಾನ, ಬಿಸಿ ಇದೆ.”

ಮೊದಲು ನಕ್ಕವರು ಅವನ ತಾಯಿ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಭುಜ ಕುಣಿಯುವ ಹಾಗೆ ನಕ್ಕರು. “ಮನೇಲಿ ಒಂದಿನ ನಂಗೊಂದು ಲೋಟ ನೀರು ತಂದ್ಕೊಟ್ಟವನಲ್ಲ ಇವನು” ಎಂದು ಅತ್ತೆಗೆ ಹೇಳಿದರು. ಆಮೇಲೆ ಹುಡುಗಿಯ ಕಡೆ ತಿರುಗಿ, “ಬಾಮ್ಮ, ಇಲ್ಲಿ ಕೂತ್ಕೋ” ಎಂದು ಪಕ್ಕದಲ್ಲಿ ಜಾಗ ಮಾಡಿದರು. ಸೋದರಮಾವ ನಿಂತೇ ಒಂದು ಗುಟುಕು ಕುಡಿದರು. ಹುಡುಗನ ತಾಯಿಯ ಮುಖ ನೋಡಿದರು. ಕೂತರು. ಕೂತಮೇಲೆ ಎರಡನೇ ಲೋಟವನ್ನೂ ತೆಗೆದುಕೊಂಡರು. ಆ ಟೀಯಲ್ಲಿ ಸಕ್ಕರೆ ಇತ್ತೇ ಇಲ್ಲವೇ ಎಂದು ನನಗೆ ಇಂದಿಗೂ ಗೊತ್ತಿಲ್ಲ, ಯಾರೂ ಹೇಳಲಿಲ್ಲ.

ಇಷ್ಟಾದಮೇಲೆ ಸ್ಪ್ಯಾನರಿನ ಕತೆ ಹೊರಗೆ ಬಂತು. ಅದನ್ನು ಹುಡುಗಿ ಒಂದು ಥರ, ಹುಡುಗ ಇನ್ನೊಂದು ಥರ ಹೇಳಿದರು. ಕೆಲಸ ಬಿಡುವ ಮಾತು ಮತ್ತೆ ಬರಲಿಲ್ಲ. ಕೆಲಸದ ಮಾತು ಬಂದದ್ದು ಒಂದೇ ಸಲ, ಅದೂ ಸೋದರಮಾವನ ಬಾಯಿಂದಲೇ: “ಮೆಟ್ರೋದಲ್ಲಿ ಸ್ಟಾಫ್ ಮನೆಯವರಿಗೆ ಪಾಸ್ ಏನಾದ್ರೂ ಸಿಗುತ್ತೇನಮ್ಮ?”

“ಇಲ್ಲ ಅಂಕಲ್” ಎಂದಳು ಅವಳು.

ಅತ್ತೆ ಕುರ್ಚಿಯಲ್ಲೇ ನೆಟ್ಟಗಾಗಿ, “ಹಂಗಾದ್ರ ಸಕ್ರಿ ತರ್ರಿ, ಹಂಚೂಣು” ಎಂದರು. ಅವರ ಕಡೆ ಸಕ್ಕರೆ ಹಂಚಿದರೆ ಸಂಬಂಧ ಗಟ್ಟಿಯಾದ ಹಾಗೆ. ಆಗ ಗೋಡೆಗೆ ಅಂಟಿ ನಿಂತಿದ್ದ ಮೇಸ್ತ್ರಿ ಮೊದಲ ಸಲ ತಾನಾಗಿ ಬಾಯಿ ತೆರೆದ. “ನಾ ತರ್ತೀನ್ರಿ” ಎಂದು ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಸಕ್ಕರೆ ಡಬ್ಬಿ ಎದೆಗವಚಿಕೊಂಡು ಅಳುತ್ತಿದ್ದ. ರೊಟ್ಟಿ ಅಕ್ಕ ಅವನ ಬೆನ್ನ ಮೇಲೊಂದು ಗುದ್ದಿ, ಡಬ್ಬಿ ಕಿತ್ತುಕೊಂಡು, ತಾನೂ ಕಣ್ಣೊರೆಸಿಕೊಂಡು ಹೊರಗೆ ಬಂದಳು. ನನ್ನ ಅಂಗೈಗೆ ಸಕ್ಕರೆ ಹಾಕುವಾಗ, “ಅಕ್ಕಾರ, ನಿಮ್ಮ ಮನ್ಯಾಗಿನ ಊಟದ ಮಂದಿ?” ಎಂದಳು, ಆಗ ನೆನಪಾದವಳ ಹಾಗೆ.

“ಖಾನಾವಳಿ ರೊಟ್ಟಿ ತಿಂತಿರ್ತಾರೆ ಬಿಡು.”

“ಅಯ್ಯ, ಖಾನಾವಳಿದ? ಅವು ಆರಿರ್ತಾವ” ಎಂದು ನಿಜವಾಗಿಯೂ ನೊಂದುಕೊಂಡಳು.

ಅತ್ತೆಯನ್ನು ಇಳಿಸುವ ಕೆಲಸ ಹತ್ತಿಸಿದ್ದಕ್ಕಿಂತ ಕಷ್ಟವಿತ್ತು. ಒಂದು ಕಡೆ ಮೇಸ್ತ್ರಿ, ಇನ್ನೊಂದು ಕಡೆ ಮದುವೆ ಗಂಡು, ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತೆ. ಮುಂದೆ ಸೋದರಮಾವ ಹಿಂದುಮುಂದಾಗಿ ಇಳಿಯುತ್ತಾ, “ಎಡಕ್ಕೆ, ಎಡಕ್ಕೆ, ಗೋಡೆ ತಾಗುತ್ತೆ” ಎಂದು ದಾರಿ ತೋರಿಸಿದರು. ವಠಾರದವರೆಲ್ಲ ಹೊರಗೆ ಬಂದು ನಿಂತಿದ್ದರು. ಅತ್ತೆ ಕುರ್ಚಿಯ ಕೈ ಹಿಡಿದುಕೊಂಡು, ಅವರತ್ತ ತಲೆ ಆಡಿಸುತ್ತಾ ಇಳಿದರು. ಭಯವಾಯಿತಾ ಎಂದು ಆಮೇಲೆ ಕೇಳಿದೆ. “ಮದವ್ಯಾಗ ಸುದ್ದಾ ನನ್ನ ಹಿಂಗ ಯಾರೂ ಎತ್ತಿರಲಿಲ್ಲ” ಎಂದರು.

ಸ್ಕೂಟರನ್ನು ಅಲ್ಲೇ ಬಿಟ್ಟು ಅವರ ಜೊತೆ ಆಟೋದಲ್ಲಿ ಕೂತೆ. ನಾಗರಬಾವಿ ಬರುವವರೆಗೆ ಅತ್ತೆ ರಸ್ತೆಬದಿಯ ಅಂಗಡಿಗಳನ್ನೇ ನೋಡುತ್ತಿದ್ದರು. ಕೊನೆಗೆ ನಾನೇ, “ಹೇಳಿ ಹೋಗಬಹುದಿತ್ತಲ್ಲ ಅತ್ತೆ. ಎಷ್ಟು ಹೆದರಿದ್ದೆ ಗೊತ್ತಾ?” ಎಂದೆ.

“ಹೇಳಿದ್ರ ನೀ ಬಿಡ್ತಿದ್ದೇನು?”

“ಆ ಮೆಟ್ಟಿಲು ನೋಡಿದ್ರೆ ಬಿಡ್ತಿರಲಿಲ್ಲ.”

“ಮತ್ತ? ನಿನ್ನ ಮಾತ ಮೀರಿ ಹೋಗೂದಕಿಂತ, ಕೇಳದ ಹೋಗೂದ ಛಲೋ ಅಲ್ಲೇನವಾ?” ಎಂದು ನನ್ನ ಕೈ ಮೇಲೆ ಕೈ ಇಟ್ಟರು. ಆ ಮೃದು ಕೈಯಲ್ಲಿ ಇನ್ನೂ ಸ್ವಲ್ಪ ಸಕ್ಕರೆ ಅಂಟಿಕೊಂಡಿತ್ತು. ನನಗೆ ಬಂದ ನಗು ತಡೆಯಲಾಗಲಿಲ್ಲ. ಆಟೋದವನು ಕನ್ನಡಿಯಲ್ಲಿ ನೋಡಿ ತಾನೂ ನಕ್ಕ.

ಮನೆಗೆ ಬಂದರೆ ಹಾಸ್ಟೆಲ್ ಗೆಳೆಯರು ಎಣ್ಣೆಗಾಯಿ ಬಳಿದು ತಿಂದು ಮುಗಿಸಿ, ಮಜ್ಜಿಗೆ ಕುಡಿಯುತ್ತಾ ಕೂತಿದ್ದರು. ಅತ್ತೆಯನ್ನು ನೋಡಿದ ಕೂಡಲೇ ಎಲ್ಲರೂ ಎದ್ದು ನಿಂತರು. ಅತ್ತೆ ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ, ಬೆಳಗಿನಿಂದ ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದರು. ಅವರ ಕತೆಯಲ್ಲಿ ಸೋದರಮಾವ ಇನ್ನೂ ಜೋರಾಗಿ ಕೂಗಾಡಿದರು, ಅತ್ತೆಯ ಉತ್ತರಗಳು ಇನ್ನೂ ಚುರುಕಾಗಿದ್ದವು. ನಾನು ಅಡುಗೆಮನೆಯಲ್ಲಿ ಕಂಡದ್ದನ್ನು ಹೇಳಿದಾಗ ಮಾತ್ರ ಅವರು ಎಣ್ಣೆ ಹಚ್ಚುತ್ತಿದ್ದ ನನ್ನ ಕೈ ಹಿಡಿದು ನಿಲ್ಲಿಸಿದರು. “ಅಂದ್ರ ನಾ ಅಲ್ಲೆ ಹೊರಗ ಜಗಳಾಡೂ ಹೊತ್ತಿಗೆ ಒಳಗ ಎಲ್ಲಾ ಮುಗದಿತ್ತೇನು?” ಎಂದು ಕೇಳಿ, ಸ್ವಲ್ಪ ನಿರಾಶೆಯಿಂದ, “ಇರ್ಲಿ ಬಿಡು” ಎಂದರು.

ಮದುವೆ ಶ್ರೀಗಂಧದ ಕಾವಲಿನ ಒಂದು ಸಣ್ಣ ಛತ್ರದಲ್ಲಿ ಆಯಿತು. ಬಾಗಲಕೋಟೆಯಿಂದ ನಿಜವಾದ ಅಜ್ಜಿಯೂ ಬಂದಿದ್ದರು. ಇಬ್ಬರೂ ಅಜ್ಜಿಯರನ್ನು ಮುಂದಿನ ಸಾಲಿನಲ್ಲಿ ಅಕ್ಕಪಕ್ಕ ಕೂರಿಸಿದ್ದರು. ಸೋದರಮಾವ ಬಂದವರಿಗೆಲ್ಲ, “ನಮ್ಮ ಸೊಸೆ ಮೆಟ್ರೋದಲ್ಲಿ. ಅವಳ ಕಣ್ಣು ತಪ್ಪಿಸಿ ಒಂದು ಮೊಳೆನೂ ಒಳಗೆ ಹೋಗಲ್ಲ” ಎಂದು ಹೇಳಿಕೊಂಡು ಓಡಾಡುತ್ತಿದ್ದರು. ಆ ವಾರವೆಲ್ಲ ರೊಟ್ಟಿ ಅಕ್ಕ ರಜೆ. ನಾವು ಮುದ್ದೆ ಉಂಡೆವು; ಅತ್ತೆ ಎರಡನೆಯದನ್ನೂ ಕೇಳಿ ಹಾಕಿಸಿಕೊಂಡರು.

ಮಗಳು ಈಗಲೂ ಅದೇ ಸ್ಟೇಷನ್ನಿನಲ್ಲಿ ಕೆಲಸ ಮಾಡುತ್ತಾಳೆ. ಸ್ಕೂಲಿನ ಮಕ್ಕಳನ್ನು ಒಮ್ಮೆ ಮೆಟ್ರೋದಲ್ಲಿ ಕರೆದುಕೊಂಡು ಹೋದಾಗ ನನ್ನ ಬ್ಯಾಗನ್ನೂ ಬಿಡದೆ ಸ್ಕ್ಯಾನಿಗೆ ಹಾಕಿಸಿದಳು. ಆಮೇಲೆ ಮಕ್ಕಳ ಮುಂದೆಯೇ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಮಕ್ಕಳಿಗೆ ಯಾಕೆಂದು ತಿಳಿಯಲಿಲ್ಲ, ವಾಪಸ್ಸು ಬರುವವರೆಗೂ ಕೇಳುತ್ತಲೇ ಇದ್ದರು.

ಅತ್ತೆಯ ಹೆಸರು ಮಾತ್ರ ಉಲ್ಲಾಳದ ಆ ವಠಾರದಲ್ಲಿ ಹಬ್ಬಿಬಿಟ್ಟಿದೆ. ಕೆಳಗಿನ ಮನೆಯ ಹೆಂಗಸಿಗೂ ಮದುವೆಯ ವಯಸ್ಸಿಗೆ ಬಂದ ಮಗಳಿದ್ದಾಳೆ. ಮೊನ್ನೆ ರೊಟ್ಟಿ ಅಕ್ಕ ಹಿಟ್ಟು ನಾದುತ್ತಾ ಅದೇನೋ ಪಿಸುಗುಟ್ಟಿದಳು. ಅತ್ತೆ ಕುರ್ಚಿಯಿಂದಲೇ ನನ್ನನ್ನು ಕೂಗಿ, ಬಹಳ ವಿನಯದಿಂದ ಕೇಳಿದರು:

“ಯವ್ವಾ, ಬರೂ ಐತವಾರ ನಿನಗೇನರ ಕೆಲಸ ಐತೇನು?”